ಓದುಗರ ಪ್ರಶ್ನೆ: ಸಿಎಸ್‌ವಿ, ಜೇಸನ್ ಫೈಲ್‌ಗಳನ್ನು ಕಮಾಂಡ್‌ನಿಂದಲೇ ಎಕ್ಸೆಲ್‌ಗೆ ಬದಲಿಸುವುದು

ಡೇಟಾ ಫೈಲ್‌ಗಳನ್ನು ಸ್ಪ್ರೆಡ್‌ಶೀಟ್ ಮಾಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸಿಎಸ್‌ವಿ ಎಂದರೆ ಕಾಲಂಗಳನ್ನು ಅಲ್ಪವಿರಾಮದಂಥ ಚಿಹ್ನೆಯಿಂದ ಬೇರ್ಪಡಿಸಿದ ಸಾದಾ ಬರಹದ ಫೈಲ್; ಜೇಸನ್ ಎಂದರೆ ಹೆಸರು-ಮೌಲ್ಯಗಳ ಜೋಡಿಯಾಗಿ, ಒಂದರೊಳಗೊಂದು ಪಟ್ಟಿಯಾಗಿ ಬರೆದ ಬರಹದ ಫೈಲ್. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ; ಅಡ್ಡಗೆರೆ, ಅಲ್ಪವಿರಾಮ, ಅಂಕಿಗಳು ಇಲ್ಲಿರುವಂತೆಯೇ ಇರಲಿ.

ಪ್ರಶ್ನೆ: ಒಂದು ಅಳತೆ ಯಂತ್ರದಿಂದ ದಿನವೂ ಹತ್ತಾರು ಸಿಎಸ್‌ವಿ ಫೈಲ್ ಬರುತ್ತವೆ. ಒಂದೊಂದನ್ನೇ ತೆರೆದು ಎಕ್ಸೆಲ್ ಫೈಲಾಗಿ ಸೇವ್ ಮಾಡುವುದರಲ್ಲೇ ಹೊತ್ತು ಹೋಗುತ್ತಿದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಪ್ರೋಗ್ರಾಂ ಇದ್ದರೆ ಬೇರೇನೂ ಬೇಡ. ಕಿಟಕಿ ತೆರೆಯದೆಯೇ ಕೆಲಸ ಮಾಡುವ ವ್ಯವಸ್ಥೆ ಅದರಲ್ಲೇ ಇದೆ. ಫೈಲ್‌ಗಳಿರುವ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ಹೀಗೆ ಕೊಡಿ:

ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಎಕ್ಸ್‌ಎಲ್‌ಎಸ್‌ಎಕ್ಸ್ --ಇನ್‌ಫಿಲ್ಟರ್="ಸಿಎಸ್‌ವಿ:44,34,76,1" --ಔಟ್‌ಡಿರ್ ಹೊಸದು *.ಸಿಎಸ್‌ವಿ

ಎಕ್ಸ್‌ಎಲ್‌ಎಸ್‌ಎಕ್ಸ್ ಎಂದರೆ ಈಗಿನ ಎಕ್ಸೆಲ್ ಫೈಲ್ ರೂಪ; ಔಟ್‌ಡಿರ್ ಮುಂದಿನ 'ಹೊಸದು' ಎಂಬುದು ಬದಲಿಸಿದ ಫೈಲ್‌ಗಳು ಹೋಗುವ ಫೋಲ್ಡರ್. ಆ ನಾಲ್ಕು ಅಂಕಿಗಳು ಏನೆಂದು ತಿಳಿದುಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. 44 ಎಂದರೆ ಅಲ್ಪವಿರಾಮದ ಆಸ್ಕಿ ಸಂಖ್ಯೆ, ಅಂದರೆ ಕಾಲಂಗಳನ್ನು ಬೇರ್ಪಡಿಸುವ ಚಿಹ್ನೆ. ನಿಮ್ಮ ಫೈಲ್‌ನಲ್ಲಿ ಟ್ಯಾಬ್ ಇದ್ದರೆ 9, ಅರ್ಧವಿರಾಮ ಇದ್ದರೆ 59, ನೆಟ್ಟನೆಯ ಗೆರೆ ಇದ್ದರೆ 124. ಎರಡನೆಯ 34 ಜೋಡಿ ಉದ್ಧರಣ ಚಿಹ್ನೆ. 76 ಎಂದರೆ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯೂನಿಕೋಡ್‌ನ ಲಿಪಿ ಸಂಕೇತ. ಕೊನೆಯ 1, ಎಷ್ಟನೇ ಸಾಲಿನಿಂದ ಓದಬೇಕು ಎಂಬುದು. ಯಂತ್ರದ ಫೈಲ್‌ಗಳಲ್ಲಿ ಮೇಲೆ ನಾಲ್ಕೈದು ಸಾಲು ಮಾದರಿ ಸಂಖ್ಯೆ, ಸಮಯ ಅಂತ ಏನೇನೋ ಇರುತ್ತದೆ. ಶೀರ್ಷಿಕೆ ಸಾಲು ಆರನೆಯದಾದರೆ 1ರ ಬದಲು 6 ಹಾಕಿ. ಇನ್‌ಫಿಲ್ಟರ್ ಭಾಗವನ್ನೇ ಬಿಟ್ಟರೂ ಕಮಾಂಡ್ ಓಡುತ್ತದೆ, ಆದರೆ ಲಿಪಿ ಸಂಕೇತ, ಚಿಹ್ನೆ ಎಲ್ಲವನ್ನೂ ಅದೇ ಊಹಿಸಿಕೊಳ್ಳುತ್ತದೆ. ಊಹೆಗೆ ಬಿಡಬೇಡಿ.

ಈ ಕಮಾಂಡ್ ಕೊಟ್ಟು ಏನೂ ಆಗದೆ, ತಪ್ಪು ಸಂದೇಶವೂ ಬಾರದೆ ಸುಮ್ಮನೆ ಮುಗಿದರೆ ಮೊದಲು ನೋಡಬೇಕಾದದ್ದು ಲಿಬ್ರೆಆಫೀಸ್‌ನ ಕಿಟಕಿ ಎಲ್ಲಾದರೂ ತೆರೆದಿದೆಯೇ ಎಂದು. ಒಂದೇ ಪ್ರೊಫೈಲ್‌ನಲ್ಲಿ (ಬಳಕೆದಾರರ ಸೆಟ್ಟಿಂಗ್‌ಗಳಿರುವ ಫೋಲ್ಡರ್) ಎರಡು ಪ್ರತಿ ಓಡುವುದಿಲ್ಲ. ಹೊಸ ಕಮಾಂಡ್ ಹಳೆಯ ಕಿಟಕಿಗೆ ಕೆಲಸ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಕಿಟಕಿ ಮುಚ್ಚಿ, ಇಲ್ಲವೇ -ಎನ್ವ್:ಯೂಸರ್‌ಇನ್‌ಸ್ಟಲೇಶನ್= ಎಂಬ ಆಯ್ಕೆಯಲ್ಲಿ ಬೇರೊಂದು ಖಾಲಿ ಫೋಲ್ಡರ್‌ನ ವಿಳಾಸ ಕೊಡಿ. ವಿಂಡೋಸ್‌ನಲ್ಲಿ ಕಮಾಂಡ್ ಸಿಗುತ್ತಿಲ್ಲ ಎಂದು ಬಂದರೆ ಲಿಬ್ರೆಆಫೀಸ್ ಇನ್‌ಸ್ಟಾಲ್ ಆಗಿರುವ ಜಾಗದಲ್ಲಿ 'ಪ್ರೋಗ್ರಾಂ' ಎಂಬ ಫೋಲ್ಡರ್‌ನ ಪೂರ್ತಿ ಹಾದಿ ಬರೆಯಬೇಕು. ಅಲ್ಲಿ ಕೊನೆಗೆ ಡಾಟ್ ಕಾಮ್ ಇರುವ ಎಸ್‌ಆಫೀಸ್ ಬಳಸಿದರೆ ಸಂದೇಶಗಳು ಟರ್ಮಿನಲ್‌ನಲ್ಲೇ ಕಾಣುತ್ತವೆ.

ಔಟ್‌ಡಿರ್ ಕೊಡಲು ಮರೆಯಬೇಡಿ. ಅದೇ ಹೆಸರಿನ ಎಕ್ಸೆಲ್ ಫೈಲ್ ಅಲ್ಲಿ ಮೊದಲೇ ಇದ್ದರೆ ಕೇಳದೆಯೇ ಅದರ ಮೇಲೆ ಬರೆಯುತ್ತದೆ.

ಪ್ರಶ್ನೆ: ಬದಲಿಸಿದ ಮೇಲೆ ಫೋನ್ ಸಂಖ್ಯೆಗಳ ಮುಂದಿನ ಸೊನ್ನೆ ಹೋಯಿತು, 16 ಅಂಕಿಯ ಖಾತೆ ಸಂಖ್ಯೆಗಳ ಕೊನೆಯ ಅಂಕಿ ಸೊನ್ನೆಯಾಯಿತು, ದಿನಾಂಕಗಳು ಕೆಲವು ಸರಿ, ಕೆಲವು ತಪ್ಪು. ಕಾಲಂ ಅನ್ನು 'ಟೆಕ್ಸ್ಟ್' ಎಂದು ಬದಲಿಸಿದರೂ ಸರಿಹೋಗಲಿಲ್ಲ.

ಉತ್ತರ: ಸರಿಹೋಗುವುದೂ ಇಲ್ಲ. ಸೊನ್ನೆ ಹೋಗಿದ್ದು ತೋರಿಸುವ ರೀತಿಯಲ್ಲಲ್ಲ, ಓದುವ ಹೊತ್ತಿನಲ್ಲಿ. ಸಿಎಸ್‌ವಿಯಲ್ಲಿ ಎಲ್ಲವೂ ಬರಿಯ ಅಕ್ಷರ. ಇದು ಸಂಖ್ಯೆ, ಇದು ದಿನಾಂಕ, ಇದು ಬರಹ ಎಂದು ಹೇಳುವ ಗುರುತು ಅದರಲ್ಲಿ ಎಲ್ಲೂ ಇಲ್ಲ. ಎಕ್ಸೆಲ್ ಫೈಲ್‌ನಲ್ಲಾದರೆ ಪ್ರತಿ ಸೆಲ್‌ಗೂ ಒಂದು ವಿಧ ಇರಲೇಬೇಕು. ಹಾಗಾಗಿ ಬದಲಿಸುವ ಯಾವ ಸಾಧನವಾದರೂ ಪ್ರತಿ ಸೆಲ್‌ನಲ್ಲಿ ಒಂದು ತೀರ್ಮಾನ ಮಾಡುತ್ತದೆ. ನೀವು ಹೇಳದಿದ್ದರೆ ಅದು ಊಹಿಸುತ್ತದೆ. 0804 ಎಂಬುದನ್ನು ಸಂಖ್ಯೆ ಎಂದು ಓದಿದ ಕ್ಷಣ ಅದು 804. ಆಮೇಲೆ ಟೆಕ್ಸ್ಟ್ ಮಾಡಿದರೆ 804 ಎಂಬ ಟೆಕ್ಸ್ಟ್ ಸಿಗುತ್ತದೆ, ಅಷ್ಟೆ. ಕೆಟ್ಟ ಎಕ್ಸೆಲ್ ಫೈಲ್ ತಿದ್ದುತ್ತ ಕೂರದೆ ಮೂಲ ಸಿಎಸ್‌ವಿಯಿಂದ ಮತ್ತೆ ಬದಲಿಸಿ.

ದೊಡ್ಡ ಸಂಖ್ಯೆಯ ಕಥೆಯೂ ಇದೇ ಜಾತಿಯದು. ಎಕ್ಸೆಲ್ ಸಂಖ್ಯೆಯಲ್ಲಿ 15 ಮುಖ್ಯ ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 1234567890123456 ಅದರ ಕೈಯಲ್ಲಿ 1234567890123450 ಆಗುತ್ತದೆ. ಮೇಲುನೋಟಕ್ಕೆ ಉದ್ದ ಸರಿಯಾಗಿಯೇ ಇರುವುದರಿಂದ ಇದು ಸೊನ್ನೆ ಹೋಗುವುದಕ್ಕಿಂತ ಹೆಚ್ಚು ಅಪಾಯ. ಉತ್ಪನ್ನ ಸಂಕೇತಗಳಲ್ಲಿ ಇಂಗ್ಲಿಷಿನ 'ಇ' ಅಕ್ಷರ ನಡುವೆ ಬಂದರೆ ಇನ್ನೊಂದು ಆಟ: 3ಇ5 ಎಂಬ ಸಂಕೇತವನ್ನು ವೈಜ್ಞಾನಿಕ ಬರವಣಿಗೆ ಎಂದು ತಿಳಿದು 300000 ಮಾಡಿಬಿಡುತ್ತದೆ. ಜೀನ್‌ಗಳ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯ 2020ರ ಮಾರ್ಗಸೂಚಿಯ ಹೊತ್ತಿಗೆ ಮಾರ್ಚ್1, ಸೆಪ್ಟ್1 ಎಂಬ ಜೀನ್ ಸಂಕೇತಗಳು ಮಾರ್ಚ್‌ಎಫ್1, ಸೆಪ್ಟಿನ್1 ಆಗಿದ್ದವು. ಸ್ಪ್ರೆಡ್‌ಶೀಟ್‌ಗಳು ಅವನ್ನು ತಿಂಗಳ ಹೆಸರೆಂದು ತಿಳಿದು ದಿನಾಂಕ ಮಾಡುತ್ತಿದ್ದವು. ವಿಜ್ಞಾನಿಗಳೇ ಹೆಸರು ಬದಲಿಸಬೇಕಾಯಿತು ಎಂದರೆ ಈ ಊಹೆ ಎಷ್ಟು ಹಾವಳಿ ಮಾಡಿರಬೇಕು ನೋಡಿ.

ದಿನಾಂಕದಲ್ಲಿ ಅರ್ಧ ಸರಿ, ಅರ್ಧ ತಪ್ಪು ಆಗುವುದಕ್ಕೂ ಕಾರಣ ಇದೆ. 03/04/2024 ಏಪ್ರಿಲ್ 3ನೇ ತಾರೀಖೂ ಹೌದು, ಮಾರ್ಚ್ 4ನೇ ತಾರೀಖೂ ಹೌದು. ಸಾಧನ ತಿಂಗಳನ್ನು ಮೊದಲು ಓದುವ ಸೆಟ್ಟಿಂಗ್‌ನಲ್ಲಿದ್ದರೆ ಇದು ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ. 13/04/2024 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಅದನ್ನು ಬರಹವಾಗಿಯೇ ಬಿಟ್ಟುಬಿಡುತ್ತದೆ. ಇದನ್ನು ಕಣ್ಣಳತೆಯಲ್ಲೇ ಹಿಡಿಯಬಹುದು: ಜೋಡಣೆ ಬದಲಿಸದ ಶೀಟ್‌ನಲ್ಲಿ ದಿನಾಂಕ, ಸಂಖ್ಯೆಗಳು ಸೆಲ್‌ನ ಬಲಕ್ಕೆ ಅಂಟಿರುತ್ತವೆ, ಬರಹ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ ಕೆಲವು ಬಲಕ್ಕೆ ಇದ್ದರೆ ಬಲಕ್ಕಿರುವವೇ ತಪ್ಪಾಗಿರುವ ಸಂಭವ ಹೆಚ್ಚು.

ಪರಿಹಾರ ಇನ್‌ಫಿಲ್ಟರ್‌ನ ಐದನೆಯ ಭಾಗದಲ್ಲಿದೆ. ಅಲ್ಲಿ ಕಾಲಂ ಸಂಖ್ಯೆ, ಓರೆಗೆರೆ, ವಿಧದ ಸಂಖ್ಯೆ ಎಂದು ಜೋಡಿ ಜೋಡಿಯಾಗಿ ಬರೆಯಬೇಕು:

"ಸಿಎಸ್‌ವಿ:44,34,76,1,1/2/2/2/4/4"

ಇದರಲ್ಲಿ 1ನೇ ಕಾಲಂ ಟೆಕ್ಸ್ಟ್, 2ನೇ ಕಾಲಂ ಟೆಕ್ಸ್ಟ್, 4ನೇ ಕಾಲಂ ದಿನ-ತಿಂಗಳು-ವರ್ಷದ ಕ್ರಮದ ದಿನಾಂಕ. ವಿಧದ ಸಂಖ್ಯೆಗಳಲ್ಲಿ 1 ಸಾಮಾನ್ಯ, 2 ಟೆಕ್ಸ್ಟ್, 3 ತಿಂಗಳು ಮೊದಲಿರುವ ದಿನಾಂಕ, 4 ದಿನ ಮೊದಲಿರುವುದು, 5 ವರ್ಷ ಮೊದಲಿರುವುದು, 9 ಎಂದರೆ ಆ ಕಾಲಂ ಬೇಡ. ಹೇಳದೆ ಬಿಟ್ಟ 3ನೇ ಕಾಲಂ ಸಾಮಾನ್ಯ ಎಂದಾಗುತ್ತದೆ.

ಪೈಥಾನ್ ಭಾಷೆಯ ಪಾಂಡಾಸ್ ಎಂಬ ಡೇಟಾ ಲೈಬ್ರರಿ ಬಳಸುವವರು ಸಿಎಸ್‌ವಿ ಓದುವಾಗ ಡಿಟೈಪ್ ಅನ್ನು ಎಸ್‌ಟಿಆರ್ ಎಂದು ಕೊಡಿ. ಎಲ್ಲವೂ ಬರಹವಾಗಿ ಬರುತ್ತದೆ, ಲೆಕ್ಕಕ್ಕೆ ಬೇಕಾದ ಕಾಲಂಗಳನ್ನು ಮಾತ್ರ ಆಮೇಲೆ ಸಂಖ್ಯೆ ಮಾಡಿಕೊಳ್ಳಿ. ಜೊತೆಗೆ ಕೀಪ್_ಡಿಫಾಲ್ಟ್_ಎನ್‌ಎ ಎಂಬುದನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ 'ಎನ್‌ಎ' ಎಂಬ ಎರಡಕ್ಷರದ ಸಂಕೇತವಿರುವ ಸೆಲ್‌ಗಳೆಲ್ಲ ಖಾಲಿ ಎಂದು ಓದಿಕೊಳ್ಳುತ್ತದೆ. ಬರೆಯುವಾಗ ಇಂಡೆಕ್ಸ್ ಫಾಲ್ಸ್ ಕೊಡದಿದ್ದರೆ ಮೊದಲ ಕಾಲಂನಲ್ಲಿ 0, 1, 2 ಎಂಬ ಬೇಡದ ಸಾಲುಸಂಖ್ಯೆ ಸೇರಿಕೊಳ್ಳುತ್ತದೆ.

ನಮ್ಮ ಸಲಹೆ ಒಂದೇ: ಕೂಡಿಸಿ ಕಳೆಯಲಾಗದ ಯಾವ ಅಂಕಿಯೂ ಸಂಖ್ಯೆಯಲ್ಲ. ಫೋನ್, ಖಾತೆ, ಅಂಚೆ ಸಂಕೇತ, ಬಿಲ್ ನಂಬರ್ ಎಲ್ಲ ಟೆಕ್ಸ್ಟ್. ಫೈಲ್ ಹುಟ್ಟುವ ಜಾಗ ನಿಮ್ಮ ಕೈಯಲ್ಲಿದ್ದರೆ ದಿನಾಂಕಗಳು 2024-04-03 ಎಂಬ ರೀತಿಯಲ್ಲೇ ಬರುವಂತೆ ಮಾಡಿ. ಅದಕ್ಕೆ ಎರಡು ಅರ್ಥ ಬರುವುದಿಲ್ಲ.

ಪ್ರಶ್ನೆ: ಸಿಎಸ್‌ವಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಚೆನ್ನಾಗಿ ಕಾಣುತ್ತದೆ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಚಿತ್ರವಿಚಿತ್ರ ಅಕ್ಷರಗಳು. ಫೈಲ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ಎಕ್ಸೆಲ್ ಇದು ಯುಟಿಎಫ್-8 ಎಂದು ಗುರುತಿಸದೆ ವಿಂಡೋಸ್‌ನ ಹಳೆಯ ಒಂದು-ಬೈಟ್ ಪಟ್ಟಿಯಲ್ಲಿ ಹುಡುಕಿದಾಗ ಒಂದು ಅಕ್ಷರ ಮೂರು ಚಿಹ್ನೆಗಳಾಗಿ ಸಿಡಿಯುತ್ತದೆ. ತಲೆಯ ಮೇಲೆ ಓರೆ ಗೀಟಿರುವ ಒಂದೇ ಇಂಗ್ಲಿಷ್ ಅಕ್ಷರ ಮತ್ತೆ ಮತ್ತೆ, ಅದರ ಪಕ್ಕದಲ್ಲಿ ಚಿಕ್ಕ 2 ಅಥವಾ 3 ಕಾಣುತ್ತಿದ್ದರೆ ಇದೇ ಕಾಯಿಲೆ. ಆ ಸ್ಥಿತಿಯಲ್ಲಿ ಸೇವ್ ಮಾತ್ರ ಮಾಡಬೇಡಿ, ಸಿಡಿದದ್ದೇ ಕಾಯಂ ಆಗುತ್ತದೆ.

ಕಮಾಂಡ್‌ನಿಂದ 76 ಕೊಟ್ಟು ಬದಲಿಸಿದ ಎಕ್ಸೆಲ್ ಫೈಲ್‌ಗೆ ಈ ತೊಂದರೆ ಬರುವುದಿಲ್ಲ, ಏಕೆಂದರೆ ಲಿಪಿ ಸಂಕೇತ ಯಾವುದೆಂದು ಆ ಫೈಲ್‌ನ ಒಳಗೇ ಬರೆದಿರುತ್ತದೆ. ಸಿಎಸ್‌ವಿಯನ್ನೇ ಕಳಿಸಬೇಕೆಂದಿದ್ದರೆ ಫೈಲ್‌ನ ತಲೆಗೆ 239, 187, 191 ಎಂಬ ಮೂರು ಬೈಟ್ ಸೇರಿಸಬೇಕು. ಇದಕ್ಕೆ ಬಾಮ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ತಾನೇ ಸೇರುತ್ತದೆ. ಎಕ್ಸೆಲ್‌ಗೆ ಅಷ್ಟು ಸಾಕು. ಆದರೆ ಬಾಮ್ ಇರುವ ಫೈಲನ್ನು ಬೇರೆ ಪ್ರೋಗ್ರಾಂ ಸಾದಾ ಯುಟಿಎಫ್-8 ಎಂದು ಓದಿದರೆ ಆ ಮೂರು ಬೈಟ್ ಮೊದಲ ಶೀರ್ಷಿಕೆಗೆ ಕಣ್ಣಿಗೆ ಕಾಣದಂತೆ ಅಂಟಿಕೊಳ್ಳುತ್ತವೆ. ಮೊದಲ ಕಾಲಂ ಕಣ್ಣೆದುರಿಗೇ ಇದ್ದರೂ "ಆ ಹೆಸರಿನ ಕಾಲಂ ಇಲ್ಲ" ಎಂದು ದೂರು ಬಂದರೆ ಅನುಮಾನ ಮೊದಲು ಇಲ್ಲಿಗೇ ಹೋಗಲಿ.

ವಿಂಡೋಸ್ ಪವರ್‌ಶೆಲ್ 5.1 ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಬಾಣದ ಚಿಹ್ನೆ ಹಾಕಿ ಯಾವುದೇ ಸಾಧನದ ಫಲಿತಾಂಶವನ್ನು ಫೈಲ್‌ಗೆ ಕಳಿಸಿದರೆ ಅದು ಯುಟಿಎಫ್-16 ಆಗಿ ಬರೆಯುತ್ತದೆ. ದಾರಿಯಲ್ಲಿ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಿಯೂ ಹೋಗಬಹುದು. ಸಾಧನಕ್ಕೇ ಫೈಲ್ ಬರೆಯುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಮೂಲ ಫೈಲ್ ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಲಿಪಿ ಸಂಕೇತ ಬದಲಿಸುವ ಐಕಾನ್ವ್‌ನಿಂದ ಏನೂ ಉಪಯೋಗವಿಲ್ಲ, ಫಾಂಟ್ ಪರಿವರ್ತಕದಲ್ಲಿ ಹಾಯಿಸಿಯೇ ಬರಬೇಕು.

ಪ್ರಶ್ನೆ: ನನ್ನ ಡೇಟಾ ಜೇಸನ್ ರೂಪದಲ್ಲಿದೆ. ಒಂದು ಆರ್ಡರ್‌ನ ಒಳಗೆ ಹಲವು ವಸ್ತುಗಳ ಪಟ್ಟಿ ಇದೆ. ಇದನ್ನು ಶೀಟ್ ಮಾಡುವುದು ಹೇಗೆ?

ಉತ್ತರ: ಕಮಾಂಡ್‌ಗಿಂತ ಮೊದಲು ಒಂದು ತೀರ್ಮಾನ ಬೇಕು: ಶೀಟ್‌ನ ಒಂದು ಸಾಲು ಏನನ್ನು ಸೂಚಿಸುತ್ತದೆ? ಆರ್ಡರ್ ಅನ್ನೋ, ವಸ್ತುವನ್ನೋ? ಸಾಲಿಗೊಂದು ವಸ್ತು ಎಂದರೆ ಆರ್ಡರ್ ಸಂಖ್ಯೆ, ದಿನಾಂಕ, ಒಟ್ಟು ಮೊತ್ತ ಎಲ್ಲ ಸಾಲಿನಲ್ಲೂ ಮರುಕಳಿಸುತ್ತವೆ. ಆಗ ಯಾರಾದರೂ ಒಟ್ಟು ಮೊತ್ತದ ಕಾಲಂ ಕೂಡಿಸಿದರೆ ಐದು ವಸ್ತುಗಳ ಆರ್ಡರ್ ಐದು ಪಟ್ಟಾಗಿ ಎಣಿಕೆಗೆ ಬರುತ್ತದೆ. ಇಂಥ ಡೇಟಾಕ್ಕೆ ಎರಡು ಶೀಟ್ ಮಾಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ: ಒಂದರಲ್ಲಿ ಆರ್ಡರ್‌ಗಳು, ಇನ್ನೊಂದರಲ್ಲಿ ವಸ್ತುಗಳು, ಎರಡರಲ್ಲೂ ಆರ್ಡರ್ ಸಂಖ್ಯೆ.

ಸಾಧನ ಜೆಕ್ಯೂ, ಜೇಸನ್‌ನಿಂದ ಬೇಕಾದದ್ದನ್ನು ಆರಿಸಿ ಕೊಡುವ ಕಮಾಂಡ್. ಬೇಕಾದ ಹೆಸರುಗಳನ್ನು ಚೌಕ ಕಂಸದೊಳಗೆ ಬೇಕಾದ ಕ್ರಮದಲ್ಲಿ ಬರೆದು, ನೆಟ್ಟನೆಯ ಗೆರೆ ಹಾಕಿ, @ಸಿಎಸ್‌ವಿ ಎಂಬ ಫಿಲ್ಟರ್‌ಗೆ ಕಳಿಸಿದರೆ ಉದ್ಧರಣ ಚಿಹ್ನೆ, ಅಲ್ಪವಿರಾಮಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. -ಆರ್ ಎಂಬ ಆಯ್ಕೆ ಬಿಟ್ಟರೆ ಪ್ರತಿ ಸಾಲಿನ ಸುತ್ತ ಇನ್ನೊಂದು ಜೊತೆ ಉದ್ಧರಣ ಚಿಹ್ನೆ, ಒಳಗೆಲ್ಲ ಹಿಂಬಾಗಿದ ಗೆರೆಗಳು ಬಂದು ಸಿಎಸ್‌ವಿ ಹಾಳಾಗುತ್ತದೆ. ಶೀರ್ಷಿಕೆ ಸಾಲು ತಾನಾಗಿ ಬರುವುದಿಲ್ಲ, ನೀವೇ ಮೊದಲ ಪಟ್ಟಿಯಾಗಿ ಬರೆಯಬೇಕು. "ಇದು ಸಿಎಸ್‌ವಿ ಸಾಲಿನಲ್ಲಿ ಸಲ್ಲದು" ಎಂಬ ಅರ್ಥದ ತಪ್ಪು ಬಂದರೆ ನೀವು ಆರಿಸಿದ ಹೆಸರುಗಳಲ್ಲಿ ಒಂದು ಇನ್ನೂ ಒಳಪಟ್ಟಿಯೇ ಆಗಿದೆ ಎಂದರ್ಥ. ಅದರೊಳಗಿನ ಹೆಸರಿನವರೆಗೆ ಇಳಿಯಿರಿ.

ಉದ್ದದ ಐಡಿ ಸಂಖ್ಯೆಗಳಿದ್ದರೆ ಜೆಕ್ಯೂ ಆವೃತ್ತಿ ನೋಡಿಕೊಳ್ಳಿ. 1.6 ಮತ್ತು ಅದಕ್ಕಿಂತ ಹಳೆಯವು 17-18 ಅಂಕಿಯ ಸಂಖ್ಯೆಯ ಕೊನೆಯ ಅಂಕಿಗಳನ್ನು ಬದಲಿಸಿಬಿಡುತ್ತವೆ. 9,00,71,99,25,47,40,992ರ ಮೇಲೆ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿಯಲು ಅವು ಬಳಸುವ ಸಂಖ್ಯಾರೂಪಕ್ಕೆ ಆಗುವುದಿಲ್ಲ. ಜೇಸನ್ ಬರೆಯುವ ಕಡೆಯಲ್ಲೇ ಐಡಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿಸಿದರೆ ಎಲ್ಲ ಆವೃತ್ತಿಯಲ್ಲೂ ಕ್ಷೇಮ.

ಪ್ರಶ್ನೆ: 18 ಲಕ್ಷ ಸಾಲುಗಳ ಫೈಲ್ ಬದಲಿಸಿದೆ. ಎಕ್ಸೆಲ್‌ನಲ್ಲಿ ಹತ್ತು ಲಕ್ಷ ಚಿಲ್ಲರೆ ಮಾತ್ರ ಇವೆ. ಉಳಿದವು ಎಲ್ಲಿ?

ಉತ್ತರ: ಉಳಿದವು ಫೈಲ್‌ಗೆ ಬರಲೇ ಇಲ್ಲ. ಒಂದು ಶೀಟ್‌ನಲ್ಲಿ 10,48,576 ಸಾಲು, 16,384 ಕಾಲಂ, ಅದರಾಚೆ ಜಾಗವಿಲ್ಲ. ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ 65,536 ಸಾಲು, 256 ಕಾಲಂ ಮಾತ್ರ. ಕಿಟಕಿಯಲ್ಲಿ ತೆರೆದಿದ್ದರೆ ಲಿಬ್ರೆಆಫೀಸ್ ಎಚ್ಚರಿಸುತ್ತಿತ್ತು. ಹೆಡ್‌ಲೆಸ್‌ನಲ್ಲಿ ಆ ಎಚ್ಚರಿಕೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. 2020ರಲ್ಲಿ ಇಂಗ್ಲೆಂಡ್‌ನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದು ಹೀಗೆಯೇ: ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಫೈಲ್‌ಗೆ ತುಂಬಿದ್ದರು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಎಕ್ಸ್‌ಎಲ್‌ಎಸ್ ಕೇಳುವ ಹಳೆಯ ವ್ಯವಸ್ಥೆ ಎದುರಾದರೆ ಬದಲಿಸುವ ಮೊದಲೇ ಸಾಲು ಎಣಿಸಿ.

ಪಾಂಡಾಸ್ ಈ ವಿಷಯದಲ್ಲಿ ನಂಬಿಕಸ್ಥ. ಮಿತಿ ಮೀರಿದರೆ ಶೀಟ್ ತೀರಾ ದೊಡ್ಡದು ಎಂದು ತಪ್ಪು ತೋರಿಸಿ ನಿಲ್ಲುತ್ತದೆ. 18 ಲಕ್ಷ ಸಾಲನ್ನು ಎರಡು ಶೀಟ್‌ಗೆ ಒಡೆಯುವುದಾದರೆ ಹತ್ತು ಲಕ್ಷಕ್ಕೆ ಕತ್ತರಿ ಹಾಕಬೇಡಿ. ತಿಂಗಳಿಗೋ ವಿಭಾಗಕ್ಕೋ ಒಡೆಯಿರಿ, ಓದುವವರಿಗೆ ಬೇಕಾದದ್ದು ಸಿಗುತ್ತದೆ. ಮೆಮೊರಿ ಸಾಲದಿದ್ದರೆ, ಎಕ್ಸೆಲ್ ಫೈಲ್ ಬರೆಯುವ ಪೈಥಾನ್ ಲೈಬ್ರರಿಗಳಲ್ಲಿ ದಾರಿ ಇದೆ: ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನಲ್ಲಿ ಕಾನ್‌ಸ್ಟಂಟ್_ಮೆಮೊರಿ, ಓಪನ್‌ಪೈಎಕ್ಸ್‌ಎಲ್‌ನಲ್ಲಿ ರೈಟ್_ಓನ್ಲಿ ಎಂಬ ಆಯ್ಕೆ ಇವೆ. ಎರಡರಲ್ಲೂ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿಯೇ ಬರೆಯಬೇಕು; ಬರೆದ ಸಾಲಿಗೆ ಹಿಂದಿರುಗಲು ಆಗುವುದಿಲ್ಲ.

ಪ್ರಶ್ನೆ: ಜನ ತುಂಬಿದ ಅರ್ಜಿಗಳ ಡೇಟಾ ಬದಲಿಸಿದಾಗ ಕೆಲವು ಸೆಲ್‌ಗಳಲ್ಲಿ ಬರಹದ ಬದಲು 'ನೇಮ್' ಎಂಬ ದೋಷ ಕಾಣುತ್ತದೆ. ಏಕೆ?

ಉತ್ತರ: ಆ ಬರಹ ಸಮ ಚಿಹ್ನೆಯಿಂದ ಶುರುವಾಗಿದೆ, ಸಾಧನ ಅದನ್ನು ಸೂತ್ರ ಎಂದುಕೊಂಡಿದೆ. ಇದನ್ನು ಬರಿಯ ತೊಡಕು ಎಂದು ಬಿಡುವಂತಿಲ್ಲ. ಹೊರಗಿನವರು ತುಂಬುವ ಜಾಗದಲ್ಲಿ ಯಾರಾದರೂ ಬೇಕೆಂದೇ ಸೂತ್ರ ಬರೆದರೆ, ಫೈಲ್ ತೆರೆದವರ ಯಂತ್ರದಲ್ಲಿ ಅದು ಓಡುತ್ತದೆ. ಸಿಎಸ್‌ವಿಯಲ್ಲಿ ಸಮ ಚಿಹ್ನೆ, ಕೂಡು, ಕಳೆ, @ ಇವುಗಳಿಂದ ಶುರುವಾಗುವ ಎಲ್ಲವೂ ಅನುಮಾನಕ್ಕೆ ಅರ್ಹ. ಎಕ್ಸ್‌ಎಲ್‌ಎಸ್‌ಎಕ್ಸ್ ಮಾಡುವಾಗ ಕಾಲಂ ಅನ್ನು ಟೆಕ್ಸ್ಟ್ ಎಂದು ಹೇಳಿದರೆ ಅದು ಬರಹವಾಗಿ ಉಳಿಯುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್ ಬಳಸಿದರೆ ಸ್ಟ್ರಿಂಗ್ಸ್_ಟು_ಫಾರ್ಮುಲಾಸ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿ; ಹೇಳದಿದ್ದರೆ ಅದು ಟ್ರೂ ಆಗಿರುತ್ತದೆ. ವೆಬ್ ವಿಳಾಸಗಳು ಹೆಚ್ಚಿದ್ದರೆ ಸ್ಟ್ರಿಂಗ್ಸ್_ಟು_ಯುಆರ್‌ಎಲ್ಸ್ ಕೂಡ ಫಾಲ್ಸ್ ಇರಲಿ. ಒಂದು ಶೀಟ್‌ನಲ್ಲಿ ಎಕ್ಸೆಲ್ 65,530ಕ್ಕಿಂತ ಹೆಚ್ಚು ಲಿಂಕ್ ಒಪ್ಪುವುದಿಲ್ಲ.

ಪ್ರಶ್ನೆ: ಹನ್ನೆರಡು ತಿಂಗಳ ಹನ್ನೆರಡು ಫೈಲ್‌ಗಳನ್ನು ಒಂದೇ ಎಕ್ಸೆಲ್‌ನ ಹನ್ನೆರಡು ಶೀಟ್ ಮಾಡಬೇಕು.

ಉತ್ತರ: ಗ್ನೂಮೆರಿಕ್ ಎಂಬ ಉಚಿತ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಜೊತೆ ಬರುವ ಎಸ್‌ಎಸ್‌ಕನ್ವರ್ಟ್‌ನಲ್ಲಿ --ಮರ್ಜ್-ಟು= ಎಂದು ಹೊಸ ಫೈಲ್ ಹೆಸರು ಕೊಟ್ಟು, ಮುಂದೆ ಬೇಕಾದ ಕ್ರಮದಲ್ಲಿ ಫೈಲ್‌ಗಳನ್ನು ಬರೆಯಿರಿ. ಕಾಲಂ ವಿಧ ಕೆಡಬಾರದೆಂದರೆ ಮೊದಲು ಒಂದೊಂದನ್ನೂ ಮೇಲೆ ಹೇಳಿದಂತೆ ಲಿಬ್ರೆಆಫೀಸ್‌ನಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಮಾಡಿಕೊಂಡು, ಆ ಫೈಲ್‌ಗಳನ್ನು ಇದಕ್ಕೆ ಕೊಡಿ. ಶೀಟ್ ಹೆಸರಿಗೆ ಫೈಲ್ ಹೆಸರೇ ಆಧಾರ. 31 ಅಕ್ಷರದ ಒಳಗಿರಲಿ.

ಪ್ರಶ್ನೆ: ಎಲ್ಲ ಸಾಲೂ ಸರಿಯಾಗಿ ಬಂದಿವೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಸಾಲು ಎಣಿಸುವ ಡಬ್ಲ್ಯೂಸಿ ಕಮಾಂಡ್ ಕೊಡುವ ಎಣಿಕೆಗೂ ಶೀಟ್‌ನ ಸಾಲುಗಳಿಗೂ ತಾಳೆಯಾಗುತ್ತಿಲ್ಲ.

ಉತ್ತರ: ಡಬ್ಲ್ಯೂಸಿ ಎಣಿಸುವುದು ಸಾಲುಮುರಿತಗಳನ್ನು. ವಿಳಾಸ, ಷರಾ ಇಂಥ ಕಾಲಂಗಳಲ್ಲಿ ಉದ್ಧರಣ ಚಿಹ್ನೆಯೊಳಗೆ ಎಂಟರ್ ಒತ್ತಿದ್ದರೆ ಒಂದೇ ದಾಖಲೆ ಮೂರ್ನಾಲ್ಕು ಸಾಲಾಗಿ ಎಣಿಕೆಗೆ ಸಿಗುತ್ತದೆ. ಸಿಎಸ್‌ವಿಯ ನಿಯಮ ಬರೆದಿಟ್ಟ 2005ರ ಆರ್‌ಎಫ್‌ಸಿ 4180ರ ಪ್ರಕಾರ ಇದು ತಪ್ಪಲ್ಲ. ಹಾಗಾಗಿ ಸಿಎಸ್‌ವಿ ಅರ್ಥವಾಗುವ ಸಾಧನದಿಂದಲೇ ಎಣಿಸಿ. ಸಿಎಸ್‌ವಿಕಿಟ್ ಎಂಬ ಕಮಾಂಡ್‌ಗಳ ಕಟ್ಟಿನಲ್ಲಿರುವ ಸಿಎಸ್‌ವಿಸ್ಟ್ಯಾಟ್‌ಗೆ --ಕೌಂಟ್ ಕೊಟ್ಟರೆ ಶೀರ್ಷಿಕೆ ಬಿಟ್ಟು ದಾಖಲೆಗಳ ಸಂಖ್ಯೆ ಹೇಳುತ್ತದೆ. ಎಣಿಕೆ ಶೀಟ್‌ಗಿಂತ ಹೆಚ್ಚಾಗಿದ್ದರೆ ಎಲ್ಲೋ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದು, ಮುಂದಿನ ನೂರಾರು ಸಾಲುಗಳು ಒಂದೇ ಸೆಲ್‌ನೊಳಗೆ ಸೇರಿರುವ ಸಾಧ್ಯತೆ ಇದೆ. ಸೆಲ್ ಒಂದರಲ್ಲಿ 32,767 ಅಕ್ಷರ ಮಾತ್ರ ಹಿಡಿಸುತ್ತದೆ, ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ.

ಎಣಿಕೆ ಸರಿಬಂದ ಮೇಲೂ ಒಳಗಿನ ಮೌಲ್ಯ ನೋಡಬೇಕು. ಎಕ್ಸೆಲ್ ಫೈಲನ್ನು ಅದೇ ಕಟ್ಟಿನ ಇನ್2ಸಿಎಸ್‌ವಿ ಮೂಲಕ ಮರಳಿ ಸಿಎಸ್‌ವಿ ಮಾಡಿ, ಮೂಲದೊಂದಿಗೆ ಡಿಫ್ (ಎರಡು ಫೈಲ್ ಹೋಲಿಸುವ ಕಮಾಂಡ್) ಹಾಕಿ. -ಐ ಎಂಬ ಆಯ್ಕೆಯನ್ನು ದೊಡ್ಡಕ್ಷರದಲ್ಲಿ ಕೊಡಿ, ಇಲ್ಲದಿದ್ದರೆ ಇದೂ ತನ್ನ ಪಾಲಿನ ಊಹೆ ಮಾಡುತ್ತದೆ. ಮೂಲದಲ್ಲಿ ದಿನ ಮೊದಲಿದ್ದ ದಿನಾಂಕಗಳು ಇಲ್ಲಿ ವರ್ಷ ಮೊದಲಾಗಿ ಬರುವುದರಿಂದ ಆ ಕಾಲಂ ಇಡೀ ವ್ಯತ್ಯಾಸವಾಗಿ ಕಾಣುತ್ತದೆ. ಅದನ್ನು ಬಿಟ್ಟು ಉಳಿದ ಕಾಲಂಗಳನ್ನು ಹೋಲಿಸಿ, ದಿನಾಂಕಕ್ಕೆ ತಾರೀಖು 12ಕ್ಕಿಂತ ಕಡಿಮೆ ಇರುವ ಕೆಲವು ದಾಖಲೆಗಳನ್ನು ಕಣ್ಣಿನಿಂದಲೇ ತಾಳೆ ನೋಡಿ.